ಖಾಲಾಗೊಂದು ಎಲೆ ಕಾಫಿ

ರೋಣದಿಂದ ನರಗುಂದದವರೆಗೆ ಯಾವ ಅಂಗಡಿಯ ಮುಂದೆ ಬೇಕಾದರೂ ನಿಂತು, ಬೋರ್ಡಿನ ಕೆಳಗಿನ ಎಡಮೂಲೆಯನ್ನು ಕಣ್ಣು ಕಿರಿದು ಮಾಡಿಕೊಂಡು ನೋಡಿ. ‘ಮುಜಫ್ಫರ ಆರ್ಟ್ಸ್, ಗಜೇಂದ್ರಗಡ’ ಎಂದು ಇರುತ್ತದೆ. ಆ ಮುಜಫ್ಫರ ನಾನೇ! ತಗಡಿನ ಮೇಲೆ ಬರೆದಿದ್ದೇನೆ, ಗೋಡೆಯ ಮೇಲೆ ಬರೆದಿದ್ದೇನೆ, ಟ್ರ್ಯಾಕ್ಟರಿನ ಟ್ರೇಲರಿಗೆ ಜೋಡಿ ನವಿಲು ಬರೆದಿದ್ದೇನೆ. ಕಾರ ಹುಣ್ಣಿಮೆಗೆ ಎತ್ತಿನ ಕೊಂಬಿನ ಮೇಲೆ, ಎತ್ತು ತಲೆ ಅಲ್ಲಾಡಿಸುತ್ತಿರುವಾಗಲೇ, ಹೂಬಳ್ಳಿ ಬಿಡಿಸಿದ್ದೇನೆ. ಇಂಥ ಮಹಾ ಕಲಾವಿದ 2007ರ ಬೇಸಿಗೆಯಲ್ಲಿ ಒಂದು ದಿನ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ಎದೆಯುಬ್ಬಿಸಿ ಘೋಷಿಸಿದ:

“ಮುನೀರಾ, ಇನ್ನ ಮೂರು ವಾರದಾಗ ಕಾಫಿ ಮ್ಯಾಲ ಹಾಲಿನಿಂದ ಎಲಿ ಬರೀತೇನಿ. ಅದನ್ನ ನೋಡಿ ನಿಮ್ಮ ಖಾಲಾ ಕುಡೀಲಿಲ್ಲಂದ್ರ ನಾ ಬ್ರಷ್ ಮುಟ್ಟಂಗಿಲ್ಲ!”

ನನ್ನ ಹೆಂಡತಿ ಮುನೀರಾ ರೊಟ್ಟಿ ಬಡಿಯುವ ಕೈಯನ್ನು ನಿಲ್ಲಿಸಿದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಹಾಲಿನ ಗೋಜಿಗೆ ಮತ್ತ ಹೋಗಬ್ಯಾಡ್ರಿ. ಒಮ್ಮಿ ಆಗಿದ್ದು ಸಾಕಾಗಿಲ್ಲೇನು?”

ಒಮ್ಮೆ ಆಗಿದ್ದು ಏನೆಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಗಜೇಂದ್ರಗಡದಲ್ಲಿ ಅದು ಯಾರಿಗೂ ಗೊತ್ತಿಲ್ಲದ ವಿಷಯವೇನಲ್ಲ.

ಮುನೀರಾಳ ತಾಯಿ ಬೇಗ ತೀರಿಕೊಂಡಿದ್ದರಿಂದ ಅವಳನ್ನು ಸಾಕಿದ್ದು ತಾಯಿಯ ಅಕ್ಕ, ಸೂಡಿಯ ರಸೂಲಬಿ ಖಾಲಾ. ನಲವತ್ತು ವರ್ಷ ಎಮ್ಮೆ ಕಟ್ಟಿ, ಮನೆಮನೆಗೆ ಹಾಲು ಹಾಕಿ ಬದುಕಿದ ಹೆಂಗಸು. ಮೂರು ವರ್ಷದ ಹಿಂದೆ ಅವರ ಮುದ್ದಿನ ಎಮ್ಮೆ ಚೊಚ್ಚಲ ಕರು ಹಾಕಿತು. ಮರುದಿನ ಮೊದಲ ಬಸ್ಸಿಗೇ ಒಂದು ಕ್ಯಾನು ಗಿಣ್ಣದ ಹಾಲು ಹೊತ್ತುಕೊಂಡು ಖಾಲಾ ನಮ್ಮ ಮನೆಗೆ ಬಂದರು. ಅಳಿಯನಿಗೆ ಗಿಣ್ಣ ತಿನ್ನಿಸಬೇಕೆಂಬ ಪ್ರೀತಿ! ಕ್ಯಾನನ್ನು ಪಡಸಾಲೆಯ ನೆರಳಿನಲ್ಲಿಟ್ಟು, ಬೆಲ್ಲ ಏಲಕ್ಕಿ ಹುಡುಕಲು ಒಳಗೆ ಹೋದರು. ಆ ನೆರಳಿನಲ್ಲೇ ನನ್ನ ಬಣ್ಣದ ಡಬ್ಬಿಗಳೂ ಇದ್ದವು. ನಾನು ಅಂದು ಬಚ್ಚಲುಮನೆಯ ಗೋಡೆಗೆ ಕೆನೆಬಣ್ಣದ ಡಿಸ್ಟೆಂಪರ್ ಬಳಿಯುತ್ತಿದ್ದೆ. ಗಿಣ್ಣದ ಹಾಲಿನ ಬಣ್ಣವೂ ಅದೇ, ದಪ್ಪವೂ ಅದೇ. ಮುಂದಿನದನ್ನು ಬಿಡಿಸಿ ಹೇಳಬೇಕೆ? ಬ್ರಷ್ ಅದ್ದಿದೆ. ಅರ್ಧ ಗೋಡೆ ಮುಗಿಸಿದೆ. “ಮಾಲು ಸ್ವಲ್ಪ ತೆಳ್ಳಗಾತು” ಎಂದು ಗೊಣಗಿಕೊಂಡು ಒಂದು ಹಿಡಿ ಅಂಟನ್ನೂ ಕಲಸಿದೆ!

ಕ್ಯಾನು ಕೇಳಿಕೊಂಡು ಬಂದ ಖಾಲಾ ಬಚ್ಚಲ ಬಾಗಿಲಲ್ಲಿ ಕಲ್ಲಾಗಿ ನಿಂತರು.

“ನನ್ನ ಎಮ್ಮಿ ಚೊಚ್ಚಲ ಹಾಲನ್ನ ಬಚ್ಚಲ ಗ್ವಾಡಿಗಿ ಬಳದಿಯೇನೋ! ಇನ್ನಮ್ಯಾಲ ನಿನ್ನ ಮನ್ಯಾಗ ಹನಿ ನೀರು ಸೈತ ನನ್ನ ನಾಲಿಗಿಗಿ ತಾಕಂಗಿಲ್ಲ!”

ಎಂಟು ದಿನ ಆ ಗೋಡೆಯ ಮೇಲೆ ಇರುವೆಗಳ ಸಾಲು ಕದಲಲಿಲ್ಲ. ಓಣಿಯ ಬೆಕ್ಕುಗಳೆಲ್ಲ ನಮ್ಮ ಬಚ್ಚಲಿಗೆ ಹಾಜರಿ ಹಾಕಿದವು. ಅದೆಲ್ಲ ಕೊನೆಗೊಂದು ದಿನ ನಿಂತಿತು; ಖಾಲಾ ಮಾತ್ರ ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ಸಂತೆಗೆ ಬಂದಾಗ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂರುವರು. ಮುನೀರಾ ಅಲ್ಲಿಗೇ ಹೋಗಿ ಅವರ ಪಕ್ಕದಲ್ಲಿ ಕೂತು, ಬಸ್ಸು ಬರುವವರೆಗೆ ಮಾತಾಡಿ ಬರುವಳು. ಚಹಾ ಮಾಡಿ ಥರ್ಮಾಸಿನಲ್ಲಿ ಒಯ್ಯುವಳು. “ಇದೂ ನಿಮ್ಮ ಮನಿ ಒಲಿ ಮ್ಯಾಲಿಂದಽ ಅಲ್ಲೇನು?” ಎಂದು ಖಾಲಾ ಮುಟ್ಟುತ್ತಿರಲಿಲ್ಲ. ತುಂಬಿದ ಥರ್ಮಾಸು ತುಂಬಿದಂತೆಯೇ ಮನೆಗೆ ವಾಪಸ್ಸು ಬರುತ್ತಿತ್ತು. ಮುನೀರಾ ಅದನ್ನು ಮೋರಿಗೆ ಸುರಿದು ತೊಳೆದಿಡುವಳು, ನನಗೆ ಒಂದು ಮಾತೂ ಅನ್ನುತ್ತಿರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು.

ಹೀಗಿರುವಾಗ ಖಾಲಾ ಅವರ ಒಂದು ಕಣ್ಣಿಗೆ ಆಪರೇಷನ್ ಆಯಿತು. ತಪಾಸಣೆಗೆ ಗಜೇಂದ್ರಗಡದ ದವಾಖಾನೆಗೆ ಬರಬೇಕು, ಆಮೇಲೆ ಬಿಸಿಲಿನಲ್ಲೂ ಧೂಳಿನಲ್ಲೂ ಕೂರಬಾರದು ಎಂದು ಡಾಕ್ಟರು ಹೇಳಿದ್ದರು. ಬಸ್ ನಿಲ್ದಾಣವೆಂದರೆ ಬಿಸಿಲು ಮತ್ತು ಧೂಳು, ಎರಡೇ! ಮುನೀರಾ ಕಾಡಿ ಬೇಡಿ ಒಪ್ಪಿಸಿದಳು. ಮೂರು ವಾರದ ನಂತರದ ಗುರುವಾರ ಸಂಜೆ, ಬಸ್ಸು ಬರುವವರೆಗೆ ನಮ್ಮ ಮನೆಯಲ್ಲಿ ಕೂರಲು ಖಾಲಾ ಒಪ್ಪಿದರು. ಆದರೆ ಕರಾರು ಇತ್ತು: “ಕುಂಡ್ರತೇನಿ. ಏನೂ ಮುಟ್ಟಂಗಿಲ್ಲ.”

ಅವರು ಒಪ್ಪಿದ ವಾರವೇ ನಾನು ಬಣ್ಣ ತರಲು ಹುಬ್ಬಳ್ಳಿಗೆ ಹೋಗಿದ್ದೆ. ಗಾಜಿನ ಬಾಗಿಲಿನ ಒಂದು ಹೊಸ ಕಾಫಿ ಅಂಗಡಿಯಲ್ಲಿ ಎಸಿ ತಂಪಿಗಾಗಿ ಕೂತೆ. ಕಪ್ಪು ಬಂತು. ಕಪ್ಪಿನೊಳಗೆ, ಕಂದು ಕಾಫಿಯ ಮೇಲೆ, ಬೆಳ್ಳಗೆ ಒಂದು ಎಲೆ! ನರ, ಪದರ, ತುದಿ, ತೊಟ್ಟು, ಎಲ್ಲ ಇದ್ದವು. ಮೂವತ್ತು ವರ್ಷದ ಅನುಭವದ ನನ್ನ ಕಣ್ಣು ಅರಳಿತು. ನೇರ ಕೌಂಟರಿಗೆ ಹೋದೆ. ಅಲ್ಲಿ ಕಾಫಿ ಮಾಡುತ್ತಿದ್ದವಳ ಹೆಸರು ಹೀನಾ ಎಂದು ಅವಳ ಅಂಗಿಯ ಬಿಲ್ಲೆಯಲ್ಲಿ ಬರೆದಿತ್ತು.

“ತಂಗಿ, ಇದನ್ನ ಯಾವ ನಂಬರಿನ ಬ್ರಷ್‌ನಿಂದ ಬರದಿವಾ?”

“ಬ್ರಷ್ ಇಲ್ರಿ ಕಾಕಾ. ಸುರುವೋದು ಅಷ್ಟ.”

ಸುರಿಯುವುದು ಅಷ್ಟೇ! ನಾನು ಅವಳ ಎದುರು ನಿಂತು ಒಂದರ ಹಿಂದೆ ಒಂದು ನಾಲ್ಕು ಕಪ್ಪು ಕಾಫಿ ಕುಡಿದೆ. ಅವಳು ಸುರಿಯುವುದನ್ನು ನೋಡಲು ಬೇರೆ ದಾರಿ ಇರಲಿಲ್ಲ. ಒಳ್ಳೆಯ ಹುಡುಗಿ, ಕೈ ಕೆಲಸ ಮಾಡುತ್ತಿದ್ದರೂ ಬಾಯಿ ಪಾಠ ಹೇಳುತ್ತಿತ್ತು. “ಮೊದಲ ನೊರಿ ಸಣ್ಣ ಆಗಬೇಕ್ರಿ. ಗುಳ್ಳಿ ಕಾಣಬಾರದು, ಹಸಿ ಬಣ್ಣದಂಗ ಹೊಳೀಬೇಕು. ಗುಳ್ಳಿ ಇದ್ರ ಜಗ್ಗನ್ನ ಕಟ್ಟಿಗಿ ಎರಡ ಸಲ ಕುಟ್ರಿ. ಕಪ್ಪನ್ನ ವಾರಿ, ಅಂದ್ರ ಚೂರ ಬಗ್ಗಿಸಿ ಹಿಡೀರಿ. ಮೊದಲ ಎತ್ತರದಿಂದ ಸಣ್ಣಾಗಿ ಬಿಡ್ರಿ, ಹಾಲು ತಳಕ್ಕ ಹೋಗತೈತಿ. ಅರ್ಧ ತುಂಬಿದ ಮ್ಯಾಲ ಜಗ್ಗಿನ ಮೂತಿ ಕಾಫಿಗಿ ಹತ್ತರ ತರ್ರಿ, ಬಿಳೇದು ಮ್ಯಾಲ ಬರತೈತಿ. ಆಗ ಮಣಿಕಟ್ಟು ಚೂರ ಅಲ್ಲಾಡಿಸಿಗೋತ ಹಿಂದ ಸರೀರಿ. ಕಡೀಕ ಜಗ್ಗು ಎತ್ತಿ, ನಡಬರಕ ಒಂದ ಗೆರಿ ಎಳೀರಿ. ಎಲಿ ಆತು!” ಎಲ್ಲವನ್ನೂ ಬಣ್ಣದಂಗಡಿಯ ಚೀಟಿಯ ಹಿಂದೆ ಬರೆದುಕೊಂಡೆ. ಬಸ್ಸಿನಲ್ಲಿ ಬರುವಾಗ, ನಾಲ್ಕು ಕಪ್ಪು ಕಾಫಿಯ ಉತ್ಸಾಹದಲ್ಲಿ, ನನಗೆ ಸಾಕ್ಷಾತ್ಕಾರವಾಯಿತು. ಹಾಲಿಗೆ ಮಾಡಿದ ಅಪಮಾನವನ್ನು ಹಾಲಿನಿಂದಲೇ ತೊಳೆಯಬೇಕು! ಖಾಲಾ ಎಂಥ ಕಠಿಣ ಮನಸ್ಸಿನವರಾದರೂ, ಹಾಲಿನಲ್ಲಿ ಅರಳಿದ ಎಲೆ ಕಂಡರೆ ಕರಗದಿರುತ್ತಾರೆಯೇ?

“ಖಾಲಾ ಹಾಲಿನಾಗ ಹುಟ್ಟಿ ಹಾಲಿನಾಗ ಬೆಳದಾಕಿ,” ಎಂದಳು ಮುನೀರಾ, ನನ್ನ ಘೋಷಣೆಗೆ ಉತ್ತರವಾಗಿ. “ಆಕಿ ಮುಂದ ನೀವು ಹಾಲಿನ ಆಟ ಆಡಾಕ ಹೊಂಟೀರಿ. ನಾ ಸುಮ್ಮನ ಒಂದ ಕಪ್ ಚಾ ಮಾಡಿ ಇಡತೇನಿ. ಕುಡದ್ರ ಕುಡದಾಳು.”

“ಚಾದಾಗ ಏನು ಕಲಾ ಐತಿ? ಕಲಾದ ಮಾತು ಕಲಾವಿದಗ ಬಿಡು!”

ಶುರುವಾಯಿತು ಸಾಧನೆ. ನಮ್ಮ ಪಕ್ಕದ ಮನೆಯ ಯಮನೂರಪ್ಪನ ಎಮ್ಮೆಯ ಹಾಲು ತಂದೆ. ಕಾಫಿ ಪುಡಿಯನ್ನು ಬಿಸಿನೀರಿನಲ್ಲಿ ಗಟ್ಟಿಯಾಗಿ ಕಲಸಿದೆ. ನೊರೆ ಬರಿಸಲು ಹುಬ್ಬಳ್ಳಿಯ ಯಂತ್ರ ನಮ್ಮಲ್ಲೆಲ್ಲಿದೆ? ಮಜ್ಜಿಗೆ ಕಡೆಯುವ ಕಡಗೋಲನ್ನು ಬಿಸಿಹಾಲಿಗೆ ಇಳಿಸಿ, ಎರಡೂ ಅಂಗೈಗಳ ನಡುವೆ ತಿರುವಿದೆ, ತಿರುವಿದೆ, ಭುಜ ಬಿದ್ದು ಹೋಗುವಂತೆ ತಿರುವಿದೆ. ಕೆನೆ ಚೂರುಚೂರಾಗಿ ತೇಲಿತು. ಅದನ್ನೇ ಸುರಿದೆ.

“ಏನ್ರಿ ಇದು?” ಎಂದಳು ಮುನೀರಾ.

“ಎಲಿ.”

“ಯಾ ಗಿಡದ್ದು?”

“ಆಲದ ಗಿಡದ್ದಂತ ತಿಳಕೋ.”

“ಹುಳ ತಿಂದು ಬಿಟ್ಟಾವು ಪಾಪ.”

ಇಂಥ ಮಾತಿಗೆಲ್ಲ ಎದೆಗುಂದಿದರೆ ಕಲಾವಿದನಾಗಿ ಉಪಯೋಗವೇನು? ಮರುದಿನ ನನ್ನ ತಲೆಯಲ್ಲಿ ಮಹಾ ಉಪಾಯ ಹೊಳೆಯಿತು. ಹುಬ್ಬಳ್ಳಿಯ ಯಂತ್ರ ಮಾಡುವುದೇನು? ಕೊಳವೆಯಿಂದ ಹಾಲಿನೊಳಗೆ ರಭಸವಾಗಿ ಊದುವುದು. ರಭಸವಾಗಿ ಊದುವ ಕೊಳವೆ ನನ್ನ ಬಳಿಯೇ ಇದೆಯಲ್ಲ! ಟ್ರೇಲರುಗಳಿಗೆ ಬಣ್ಣ ಹೊಡೆಯುವ ಕಂಪ್ರೆಸರು! ಅದರ ಪೈಪನ್ನು ಮೂರು ಸಲ ಬಿಸಿನೀರಿನಲ್ಲಿ ತೊಳೆದೆ. ಹಾಲಿನ ಪಾತ್ರೆಯನ್ನು ಅಡುಗೆ ಕಟ್ಟೆಯ ಮೇಲಿಟ್ಟು ಪೈಪು ಇಳಿಬಿಟ್ಟೆ. ಏನು ಗದ್ದಲವೆಂದು ನೋಡಲು ಮುನೀರಾ ಬಗ್ಗಿದ ಕ್ಷಣವೇ ನಾನು ಸ್ವಿಚ್ಚು ಒತ್ತಿದ ಕ್ಷಣ.

ಎರಡು ಲೀಟರ್ ಹಾಲು ಒಮ್ಮೆಲೇ ಆಕಾಶಕ್ಕೆ ಎದ್ದಿತು! ಜಂತಿಯ ಮೇಲೆ ಹಾಲು, ಕ್ಯಾಲೆಂಡರಿನ ಮೇಲೆ ಹಾಲು, ಮಸಾಲೆ ಡಬ್ಬಿಗಳ ಮೇಲೆ ಹಾಲು. ಕಂಪ್ರೆಸರನ್ನು ನಿಲ್ಲಿಸಿ ತಿರುಗಿ ನೋಡಿದರೆ, ಎದುರಿಗೆ ಒಂದು ಬೆಳ್ಳನೆಯ ಮೂರ್ತಿ ನಿಂತಿತ್ತು. ಅದರಲ್ಲಿ ಎರಡು ಕಣ್ಣುಗಳು ಮಾತ್ರ ಆಡುತ್ತಿದ್ದವು. ಮೂರ್ತಿ ಬಹಳ ಶಾಂತವಾಗಿ ಬಾಯಿ ತೆರೆಯಿತು.

“ಮೊದಲನೇ ಕೋಟ್ ಆತು. ಎರಡನೇದು ಯಾವಾಗ್ರಿ?”

ಅಂದಿನಿಂದ ಕಂಪ್ರೆಸರಿಗೆ ಅಡುಗೆಮನೆಯಲ್ಲಿ ಪ್ರವೇಶ ನಿಷೇಧ. ಎಮ್ಮೆ ಹಾಲಿನ ಕೆನೆಯೇ ವೈರಿಯೆಂದು ತೀರ್ಮಾನಿಸಿ ಪಾಕೀಟು ಹಾಲಿಗೆ ಇಳಿದೆ. ಅದನ್ನು ಬಿಸಿ ಮಾಡಿ, ಸ್ಟೀಲಿನ ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು, ದರ್ಗಾದ ಉರುಸಿನಲ್ಲಿ ಕುಣಿಯುವವನಂತೆ ಅಲ್ಲಾಡಿಸಿದೆ. ನೊರೆ ಬಂತು! ಸಣ್ಣ ನೊರೆ, ಹೊಳೆಯುವ ನೊರೆ! ಇನ್ನು ಉಳಿದಿದ್ದು ಸುರಿಯುವುದು ಅಷ್ಟೇ. ಆ ‘ಅಷ್ಟೇ’ಯಲ್ಲಿ ಎರಡು ವಾರ ಕಳೆದವು. ಒಂದು ದಿನ ಉಳ್ಳಾಗಡ್ಡಿ ಬಂತು, ಒಂದು ದಿನ ಮೊಟ್ಟೆ ಬಂತು, ಒಂದು ದಿನ ಬದನೆಕಾಯಿ. ಕೊನೆಗೊಂದು ದಿನ ಉದ್ದಕ್ಕೆ, ತುದಿ ಚೂಪಾಗಿ, ಪಕ್ಕದಲ್ಲಿ ನಾಲ್ಕು ಪದರ ಬಂದವು. ಆನಂದದಿಂದ ಯಮನೂರಪ್ಪನ ಹೆಂಡತಿ ಗಾಳೆವ್ವನನ್ನು ಕೂಗಿ ಕರೆದು ತೋರಿಸಿದೆ.

“ಯವ್ವಾ! ಹಲ್ಲಿ ಬಿದ್ದೈತಿ ಮುಜಪ್ಪಣ್ಣ, ಕುಡೀಬ್ಯಾಡೋ!” ಎಂದವಳೇ ಕಪ್ಪು ಕಸಿದುಕೊಂಡು ಮೋರಿಗೆ ಚೆಲ್ಲಿಬಿಟ್ಟಳು.

ಕೆಟ್ಟ ಕಪ್ಪುಗಳನ್ನೆಲ್ಲ ಯಮನೂರಪ್ಪ ಕುಡಿಯುತ್ತಿದ್ದ. “ದಂಡ ಯಾಕ ಮಾಡ್ತಿ, ಇತ್ತ ತಾ” ಎಂದು ದಿನಕ್ಕೆ ಹತ್ತು ಹನ್ನೆರಡು ಕಪ್ಪು! ಮಧ್ಯಾಹ್ನ ಬೇವಿನ ನೆರಳಿನಲ್ಲಿ ಬೆಂಕಿ ಬಿದ್ದರೂ ಏಳದಂತೆ ಮಲಗುತ್ತಿದ್ದ ಮನುಷ್ಯ, ಈಗ ಉರಿ ಬಿಸಿಲಿನಲ್ಲಿ ಹಿತ್ತಲ ಗೋಡೆ ಕಟ್ಟತೊಡಗಿದ. ನನ್ನ ಕೈಯೂ ಕೆಟ್ಟಿತು. ಶಿರೋಳದ ಪಂಕ್ಚರ್ ಅಂಗಡಿಯ ಬೋರ್ಡು ಬರೆಯಲು ಹೋದವನು, ಟೈರಿನ ಪಕ್ಕಕ್ಕೆ ಏಳು ಪದರದ ಎಲೆ ಬಿಡಿಸಿ ಬಂದೆ. ಅಂಗಡಿಯವನು ಫೋನಿನಲ್ಲಿ ಕೇಳಿದ: “ಸಾಹುಕಾರ, ನಾ ಟೈರ್ ಬಿತ್ತೇನಂತ ತಿಳದೀರೇನು? ಮೊಳಕಿ ಬಂದೈತಲ್ರಿ!”

ಗುರುವಾರ ಬಂತು. ನಾಲ್ಕು ಗಂಟೆಗೆ ಮುನೀರಾ ಖಾಲಾ ಅವರ ಕೈ ಹಿಡಿದು ದವಾಖಾನೆಯಿಂದ ಕರೆತಂದಳು. ಕಪ್ಪು ಕನ್ನಡಕ, ಬಿಳಿ ಸೆರಗು, ಬಡಕಲು ಶರೀರ, ಆದರೆ ಬೆನ್ನು ಇನ್ನೂ ಕೋಲಿನಂತೆ ನೇರ. ಮೂರು ವರ್ಷದ ನಂತರ ಆ ಪಾದ ನಮ್ಮ ಹೊಸ್ತಿಲು ದಾಟಿತು. ನಾನು ಸಲಾಮು ಮಾಡಿದೆ. ಅವರು ನನ್ನ ಕಡೆ ಅಲ್ಲ, ಗೋಡೆಯ ಕಡೆ ತಿರುಗಿ ಸಲಾಮಿಗೆ ಉತ್ತರ ಕೊಟ್ಟರು. ಇನ್ನೂ ಸಿಟ್ಟು, ಎಂದುಕೊಂಡೆ.

ಅಡುಗೆಮನೆಗೆ ಓಡಿದೆ. ಬಾಟಲಿ ಕುಲುಕಿದೆ. ನೊರೆಹಾಲನ್ನು ಸ್ಟೀಲಿನ ಜಗ್ಗಿಗೆ ಬಗ್ಗಿಸಿ ಕಟ್ಟೆಗೆ ಎರಡು ಸಲ ಕುಟ್ಟಿದೆ. ಕಪ್ಪು ವಾರಿ ಹಿಡಿದು ಉಸಿರು ಬಿಗಿ ಹಿಡಿದು ಸುರಿದೆ. ಎತ್ತರದಿಂದ, ಆಮೇಲೆ ಹತ್ತಿರದಿಂದ, ಆಮೇಲೆ ಮಣಿಕಟ್ಟು, ಆಮೇಲೆ ಗೆರೆ. ಏನು ಹೇಳಲಿ! ಬಂತು! ಹಲ್ಲಿಯಲ್ಲ, ಬದನೆಕಾಯಿಯಲ್ಲ, ಎಲೆ! ಐದು ಪದರದ ಸಾಕ್ಷಾತ್ ಎಲೆ! ಮುನೀರಾ ನೋಡಿದಳು. ಮೂರು ವಾರದಲ್ಲಿ ಮೊದಲ ಬಾರಿಗೆ ಅವಳ ಬಾಯಿಂದ ಚುಚ್ಚುಮಾತು ಬರಲಿಲ್ಲ. “ಚಲೋ ಬಂದೈತ್ರಿ” ಎಂದಳು ಮೆಲ್ಲಗೆ. ಕಪ್ಪನ್ನು ಬಸಿಯ ಮೇಲಿಟ್ಟುಕೊಂಡು, ಅಲುಗದಂತೆ ಹೆಜ್ಜೆ ಎಣಿಸುತ್ತ ಖಾಲಾ ಅವರ ಮುಂದೆ ಹೋದೆ.

“ಮುಟ್ಟಂಗಿಲ್ಲಂತ ಹೇಳೇನಿ,” ಎಂದರು ಖಾಲಾ.

“ನನ್ನ ಸಲುವಾಗಿ ಖಾಲಾ,” ಎಂದಳು ಮುನೀರಾ. “ಒಮ್ಮಿ. ಎರಡು ಗುಟುಕು.”

ಆಮೇಲೆ ಖಾಲಾ ಅವರ ಕೈ ಮೆಲ್ಲಗೆ ಮುಂದೆ ಬಂತು. ಬಸಿ ಸಮೇತ ಕಪ್ಪನ್ನು ತೆಗೆದುಕೊಂಡಿತು. ಗೆದ್ದೆ! ನಾನು ಗೆದ್ದೆ! ಇನ್ನು ಅವರು ಎಲೆ ನೋಡುವುದು, ಬೆರಗಾಗುವುದು, ಹೊಗಳುವುದು, ಇಷ್ಟೇ ಬಾಕಿ.

ಖಾಲಾ ಎಲೆಯನ್ನು ನೋಡಲೇ ಇಲ್ಲ. ನಮ್ಮ ಕಡೆ ಎಲ್ಲರೂ ಮಾಡುವಂತೆ, ಹುಟ್ಟಿದಾಗಿನಿಂದ ಮಾಡಿಕೊಂಡು ಬಂದಂತೆ, ಕಪ್ಪನ್ನು ಬಸಿಗೆ ಬಗ್ಗಿಸಿದರು. ಆರಿಸಿ ಕುಡಿಯಲು!

“ಅಯ್ಯಯ್ಯೋ ಸುರುವಬ್ಯಾಡ್ರಿ!” ಎಂದು ಕಿರುಚಿ ನಾನು ಅವರ ಮಣಿಕಟ್ಟನ್ನು ಗಪ್ಪನೆ ಹಿಡಿದುಬಿಟ್ಟೆ. ಕಪ್ಪು ಹಾರಿತು. ಬಸಿ ನೆಲಕ್ಕೆ ಬಿದ್ದು ಮೂರು ಚೂರಾಯಿತು. ಎಲೆ ಖಾಲಾ ಅವರ ಸೀರೆಯ ನೆರಿಗೆಯಲ್ಲಿ ಹರಿದು ಹೋಯಿತು.

ಖಾಲಾ ಕೂಗಾಡಲಿಲ್ಲ. ಸೀರೆ ಝಾಡಿಸಿಕೊಂಡು ಎದ್ದು ನಿಂತರು.

“ಮೂರು ವರ್ಷದ ಮ್ಯಾಲ ಕೈ ಚಾಚಿದ್ದೆ. ಅದನ್ನೂ ಕಸಗೊಂಡಿ. ಮುನೀರಾ, ನನ್ನ ಚಪ್ಪಲಿ ಎಲ್ಲದಾವ ನೋಡವಾ. ಬಸ್‌ಸ್ಟ್ಯಾಂಡಿಗೆ ನಡಿ.”

ಮುನೀರಾ ಚಪ್ಪಲಿ ಹುಡುಕಲೂ ಇಲ್ಲ, ನನ್ನನ್ನು ಬೈಯಲೂ ಇಲ್ಲ. ಗೋಡೆಗೆ ಮುಖ ಮಾಡಿ ನಿಂತುಬಿಟ್ಟಳು. ಅವಳ ಹೆಗಲು ಸಣ್ಣಗೆ ಅಲುಗುತ್ತಿತ್ತು. ಆ ಹೊತ್ತಿನಲ್ಲಿ ಯಾರಾದರೂ ನನ್ನ ಬ್ರಷ್ಷುಗಳನ್ನೆಲ್ಲ ಕಟ್ಟಿ ಒಲೆಗೆ ಹಾಕಿದ್ದರೆ ನಾನೇ ಊದಿ ಉರಿಸುತ್ತಿದ್ದೆ.

“ಖಾಲಾ, ಅದರಾಗ ಎಲಿ ಇತ್ತ್ರಿ!” ಎಂದೆ. ಬಾಯಿಗೆ ಬಂದದ್ದು ಅದೊಂದೇ.

“ಎಲಿ ಬಿದ್ದಿದ್ರ ಸೋಸಿ ಕೊಡಬೇಕಿತ್ತು.”

“ಬಿದ್ದಿದ್ದಲ್ರಿ. ನಾನಽ ಬರದಿದ್ದೆ. ಹಾಲಿನಿಂದ.”

ಖಾಲಾ ತಿರುಗಿ ನಿಂತರು. “ಮತ್ತ ಹಾಲಿನಿಂದ ಬಳದಿ?!”

ನಾನು ನೆಲಕ್ಕೆ ಕೂತು ಎಲ್ಲವನ್ನೂ ಒದರಿಬಿಟ್ಟೆ. ಹುಬ್ಬಳ್ಳಿ, ಹೀನಾ, ಕಡಗೋಲು, ಕಂಪ್ರೆಸರು, ಹಲ್ಲಿ, ಮೂರು ವಾರ. ನಿಮ್ಮ ಹಾಲಿಗೆ ಮಾಡಿದ ತಪ್ಪಿಗೆ ಮಾಫಿ ಕೇಳಲು ನನಗೆ ಬೇರೆ ದಾರಿ ತಿಳಿಯಲಿಲ್ಲ ಎಂದೂ ಹೇಳಿದೆ. ಖಾಲಾ ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಕೊನೆಗೆ ಒಂದೇ ಪ್ರಶ್ನೆ ಕೇಳಿದರು.

“ಯಾ ಹಾಲು?”

“ಪಾಕೀಟು ಹಾಲು ಖಾಲಾ.”

ಖಾಲಾ ಧೊಪ್ಪನೆ ಕೂತರು. ಬಚ್ಚಲ ಗೋಡೆಯ ಅಪರಾಧ ಇದರ ಮುಂದೆ ಏನೂ ಅಲ್ಲವೆಂಬಂತೆ ತಲೆ ಚಚ್ಚಿಕೊಂಡರು.

“ಪಾಕೀಟು ಹಾಲಿನ ನೊರಿ! ಅದು ನೊರಿ ಏನೋ ಅಳಿಯಾ? ಅರಬಿ ಒಗದ ಸಾಬೂನಿನ ನೀರಿಗೂ ಅಷ್ಟು ಬರತೈತಿ. ಬಾಜೂಕ ಎಮ್ಮಿ ಇಟಗೊಂಡು ಬಾಟ್ಲಿ ಕುಲುಕ್ಯಾನಂತ! ಮುನೀರಾ, ಅಳೂದು ಬಿಡು. ಯಮನೂರಪ್ಪನ ಎಮ್ಮಿ ಹಿಂಡೂ ಹೊತ್ತು ಆಗೇತಿಲ್ಲ? ನನ್ನ ಕೈ ಹಿಡಿ.”

ಯಮನೂರಪ್ಪನ ಎಮ್ಮೆ ಗಾಳೆವ್ವನನ್ನು ಬಿಟ್ಟು ಯಾರನ್ನೂ ಕೆಚ್ಚಲ ಹತ್ತಿರ ಬಿಟ್ಟುಕೊಳ್ಳದು. ಒದ್ದು ಬೀಳಿಸುವುದರಲ್ಲಿ ಅದಕ್ಕೆ ಹೆಸರಿತ್ತು. “ಬ್ಯಾಡ್ರಿ ಅಮ್ಮಾ, ಒದೀತೈತಿ” ಎಂದ ಯಮನೂರಪ್ಪ. ಖಾಲಾ ಉತ್ತರ ಕೊಡದೆ ಎಮ್ಮೆಯ ಬೆನ್ನಿನ ಮೇಲೆ ಅಂಗೈ ಇಟ್ಟರು. ಕತ್ತಿನ ತನಕ ಸವರಿದರು. ಅದರ ಕಿವಿಯಲ್ಲಿ ಏನೋ ಅಂದರು. ಎಮ್ಮೆ ಒಮ್ಮೆ ಉಸಿರು ಬಿಟ್ಟು, ಕಾಲು ಸರಿಸಿ, ತಾನೇ ಜಾಗ ಮಾಡಿಕೊಟ್ಟಿತು! ಗಾಳೆವ್ವ ಬಾಯಿ ಮೇಲೆ ಕೈ ಇಟ್ಟಳು.

ಖಾಲಾ ನನ್ನ ಸ್ಟೀಲಿನ ಜಗ್ಗನ್ನು ಮೊಣಕಾಲ ನಡುವೆ ಒತ್ತಿಕೊಂಡು ಹಿಂಡತೊಡಗಿದರು. ಮೊದಲು ಟಣ್ ಟಣ್ ಎಂದಿತು. ಆಮೇಲೆ ಜುರ್ ಜುರ್. ಖಾಲಾ ತಲೆ ಓರೆ ಮಾಡಿ ಕೇಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಸಪ್ಪಳ ಮೆತ್ತಗಾಯಿತು, ಹತ್ತಿಯ ಮೇಲೆ ಬಿದ್ದಂತೆ. “ನೊರಿ ನಿಂತಿತು” ಎಂದು ಕೈ ತೆಗೆದರು. ಬಗ್ಗಿ ನೋಡಿದೆ. ಸಣ್ಣಗೆ, ದಟ್ಟವಾಗಿ, ಹಸಿ ಬಣ್ಣದಂತೆ ಹೊಳೆಯುತ್ತಿತ್ತು. ಮೇಲೆ ನಾಲ್ಕೈದು ಗುಳ್ಳೆಗಳಿದ್ದವು. ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ, ಖಾಲಾ ಜಗ್ಗನ್ನು ಮೇವಿನ ಗ್ವಾದಲಿಯ ಕಲ್ಲಿಗೆ ಟಕ್ ಟಕ್ ಎಂದು ಎರಡು ಸಲ ಕುಟ್ಟಿದರು. ಎರಡೇ ಸಲ! ನನಗೆ ಮೈ ಜುಮ್ಮೆಂದಿತು. ಇವರಿಗೆ ಯಾರು ಹೇಳಿದರು?

“ಕುಟ್ಟಲಿಲ್ಲಂದ್ರ ಗಿರಾಕಿ ಜಗಳ ತೆಗೀತಾರ. ನೊರಿ ಅಳದು ಹಾಲಂತ ಕೊಟ್ಟಿ ಅಂತಾರ,” ಎಂದರು ಖಾಲಾ.

ನಾನು ಓಡಿಹೋಗಿ ಗಟ್ಟಿ ಕಾಫಿ ಕಲಸಿದ ಕಪ್ಪು ತಂದೆ. ಖಾಲಾ ಅದನ್ನು ಎಡಗೈಯಲ್ಲಿ ತೆಗೆದುಕೊಂಡು, ಯಾರೂ ಹೇಳದೆಯೇ ವಾರಿ ಹಿಡಿದರು. ನನ್ನೊಳಗಿನ ಗುರು ಸುಮ್ಮನಿರಲಿಲ್ಲ.

“ಮೊದಲ ಎತ್ತರದಿಂದ ಸಣ್ಣಾಗಿ ಬಿಡ್ರಿ ಖಾಲಾ. ಆಮ್ಯಾಲ ಹತ್ತರ ತಂದು...”

“ಬಾಯಿ ಮುಚ್ಚು. ಸಪ್ಪಳ ಕೇಳಸವಲ್ದು.”

ಬಾಯಿ ಮುಚ್ಚಿದೆ. ಎತ್ತರದಿಂದ ದಾರದಂಥ ಹಾಲಿನ ಧಾರೆ ಇಳಿಯಿತು. ಒಂದು ಹನಿ ಸಿಡಿಯಲಿಲ್ಲ. ಕಪ್ಪು ಅರ್ಧವಾದಾಗ ಸಪ್ಪಳ ಬದಲಾಯಿತೇನೋ, ಖಾಲಾ ಜಗ್ಗನ್ನು ತಗ್ಗಿಸಿದರು. ಆಗ ಅವರ ಕೈ ನಡುಗಿತು. ಮುಪ್ಪಿನ ನಡುಕ ಅದು, ಸಣ್ಣದು, ಒಂದೇ ಸಮನಾದದ್ದು. ನಾನು ಮೂರು ವಾರ ಹೆಣಗಿದರೂ ನನ್ನ ಮಣಿಕಟ್ಟಿಗೆ ಬಾರದ ಆ ಅಲುಗಾಟ, ಎಪ್ಪತ್ತರ ಆ ಕೈಗೆ ದೇವರೇ ಕೊಟ್ಟಿದ್ದ! ನಡುಗಿದಂತೆಲ್ಲ ಕಂದು ಕಾಫಿಯ ಮೇಲೆ ಬಿಳಿ ಪದರ ಒಂದರ ಬೆನ್ನಿಗೆ ಒಂದು ಅರಳಿದವು. ಕಡೆಗೆ, ಧಾರೆ ಕತ್ತರಿಸುವಾಗ ಜಗ್ಗಿನ ಹೊರಗೆ ಹನಿ ಇಳಿಯಬಾರದೆಂದು ಹಾಲಿನವರು ಮಾಡುವಂತೆ, ಮೂತಿಯನ್ನು ಮೇಲೆತ್ತಿ ಕಪ್ಪಿನ ಅಡ್ಡಕ್ಕೆ ಸರ್ರನೆ ಎಳೆದರು. ನಟ್ಟನಡುವೆ ಗೆರೆ ಬಿತ್ತು.

ಎಲೆ. ಒಂಬತ್ತು ಪದರ. ನಾನು ಎಣಿಸಿದೆ, ಮತ್ತೆ ಎಣಿಸಿದೆ. ಹುಬ್ಬಳ್ಳಿಯ ಹೀನಾಳ ಎಲೆಗೂ ಅಷ್ಟಿರಲಿಲ್ಲ.

ಖಾಲಾ ಗಾಬರಿಯಾದರು.

“ಯಾಕ ಎಲ್ಲಾರೂ ಸುಮ್ಮನಾದ್ರಿ? ಚೆಲ್ಲೇನೇನು?”

“ಎಲಿ ಬಂದೈತಿ ಖಾಲಾ,” ಎಂದಳು ಮುನೀರಾ. “ಭಾಳ ಚಂದ ಬಂದೈತಿ. ನೋಡು.”

“ಏನ ನೋಡಲವ್ವಾ? ಡಾಕ್ಟರು ಎರಡೂ ಕಣ್ಣಿಗಿ ಹನಿ ಹಾಕ್ಯಾರ. ರಾತ್ರಿ ತನಕಾ ಎಲ್ಲಾ ಮಂಜು ಅಂತ. ನಿನ್ನ ಗಂಡಗ ಸಲಾಮ್ ಮಾಡಿದ್ನೋ ಗ್ವಾಡಿಗಿ ಮಾಡಿದ್ನೋ, ಅದೂ ಗೊತ್ತಿಲ್ಲ.”

ನಾನು ಪೇಂಟರ್ ಮುಜಫ್ಫರ, ಎರಡೂ ಕಣ್ಣು ನೆಟ್ಟಗಿರುವವನು, ಮೂರು ವಾರ ತಿಣುಕಿ ಬರೆದದ್ದು ಐದು ಪದರ. ಕಣ್ಣ ಮುಂದೆ ಮಂಜು ಕವಿದ ಮುದುಕಿ, ಕಿವಿಯಿಂದ ಕೇಳಿ, ಎಮ್ಮೆಯ ಪಕ್ಕ ಕೂತು ಒಂದೇ ಸಲಕ್ಕೆ ಒಂಬತ್ತು! ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯಾಯಿತು. ಇಂಥ ಕೈಯ ಹಾಲನ್ನೇ ನಾನು ಗೋಡೆಗೆ ಬಳಿದದ್ದು! ಅವರು ಮೂರು ವರ್ಷಕ್ಕೇ ಬಂದದ್ದು ದೊಡ್ಡ ಮನಸ್ಸು.

ಖಾಲಾ ಕಪ್ಪನ್ನು ಚಾಚಿದರು. “ತಗೋ ಅಳಿಯಾ. ನೀನಽ ಕುಡಿ.”

ಕುಡಿಯುವುದೇ? ಇದನ್ನು ಕುಡಿಯಲು ಯಾರಿಗೆ ಮನಸ್ಸು ಬಂದೀತು! ಎರಡೂ ಕೈಯಲ್ಲಿ ಕಪ್ಪು ಹಿಡಿದು ಓಣಿಗೆ ಓಡಿದೆ. ಓಡಿದೆ ಎಂದರೆ ಎಲೆ ಅಲುಗದಷ್ಟು ಓಡಿದೆ. ಮೊದಲು ಸಿಕ್ಕವನು ಟೇಲರ್ ಪರಶಪ್ಪ.

“ಅಬಬಾ! ಯಾರ ಬರದಾರೋ ಇದನ್ನ?”

“ನಾ...” ಎಂದಿತು ನಾಲಿಗೆ. ಹಾಳು ನಾಲಿಗೆ, ಮೂವತ್ತು ವರ್ಷದ ಚಟ! ಕಚ್ಚಿಕೊಂಡು ತಿದ್ದಿದೆ: “ನಮ್ಮ ಖಾಲಾ! ಸೂಡಿ ರಸೂಲಬಿ! ಕಣ್ಣು ಕಾಣಲಾರದ ಬರದಾರ!”

ಆಮೇಲೆ ಹಿಟ್ಟಿನ ಗಿರಣಿಗೆ ಹೋದೆ, ಸೀರೆ ನೇಯುವವರ ಮಗ್ಗದ ಮುಂದೆ ಹೋದೆ, ಕಿರಾಣಿ ಅಂಗಡಿಯ ಕಟ್ಟೆಗೆ ಹೋದೆ. ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳಿದೆ: ಎಮ್ಮೆ ಜಾಗ ಬಿಟ್ಟದ್ದು, ಟಕ್ ಟಕ್ ಎಂದು ಕುಟ್ಟಿದ್ದು, ಕೈ ನಡುಗಿದ್ದು. ನೇಕಾರ್ತಿ ರೇಣುಕವ್ವ ಕಣ್ಣರಳಿಸಿ ನೋಡಿ, “ಈ ಎಲಿ ನನ್ನ ಸೀರಿ ಸೆರಗಿಗೆ ಬೇಕು, ಒಂಚೂರು ತಡಿ” ಎಂದು ಚೀಟಿಯಲ್ಲಿ ಬರೆದುಕೊಂಡಳು. ನನ್ನ ಯಾವ ಬೋರ್ಡಿಗೂ ಇಷ್ಟು ಜನ ಸೇರಿರಲಿಲ್ಲ. ಓಣಿಯ ಕೊನೆ ಮುಟ್ಟುವಷ್ಟರಲ್ಲಿ ನೊರೆ ಕುಸಿದು, ಎಲೆ ಹಬ್ಬಿ, ಕಾಫಿ ತಣ್ಣಗಾಗಿ ಹೋಗಿತ್ತು. ಖಾಲಾ ಅವರ ಬಸ್ಸಿನ ನೆನಪಾಗಿ ಮನೆಗೆ ಬಂದೆ. ಈಗ ಹೇಗಾದರೂ ಮಾಡಿ, ಕಾಲು ಹಿಡಿದಾದರೂ ಸರಿ, ಎರಡು ಗುಟುಕು ಕುಡಿಸಲೇಬೇಕೆಂದು ನಿಶ್ಚಯಿಸಿಕೊಂಡೇ ಬಂದೆ.

ಪಡಸಾಲೆಯಲ್ಲಿ ಖಾಲಾ ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದರು. ತುಟಿಯ ಹತ್ತಿರ ಬಸಿ ಇತ್ತು. ಸುರ್ರ್ ಎಂದು ಸಪ್ಪಳ ಬಂತು. ಮುಂದೆ ಕೂತ ಮುನೀರಾ, ಶುಂಠಿ ಹಾಕಿದ ಸಾದಾ ಚಹಾವನ್ನು ಇನ್ನೊಂದು ಬಸಿಗೆ ಆರಿಸುತ್ತಿದ್ದಳು. ಅವಳ ಕೆನ್ನೆ ಒದ್ದೆಯಾಗಿತ್ತು, ಮುಖದ ತುಂಬ ನಗು ಇತ್ತು. ಪಕ್ಕದ ತಟ್ಟೆಯಲ್ಲಿ ಅರ್ಧ ತಿಂದ ರೊಟ್ಟಿಯೂ ಇತ್ತು.

ಮೂರು ವರ್ಷ ಕಾದ ಗುಟುಕು! ಮೂರು ವಾರ ನಾನು ಹಗಲಿರುಳು ಕನಸು ಕಂಡ ಗುಟುಕು! ನಾನು ಅದನ್ನು ನೋಡಲೇ ಇಲ್ಲ!

“ಯಾವಾಗ ಕುಡದ್ರು?” ಎಂದೆ ತಣ್ಣನೆಯ ಕಪ್ಪು ಹಿಡಿದುಕೊಂಡೇ.

“ನೀವು ಓಣಿಗಿ ಓಡಿದ ಕೂಡ್ಲೇ,” ಎಂದಳು ಮುನೀರಾ. “ಇದು ಮೂರನೇ ಬಸಿ.”

ಖಾಲಾ ಬಸಿ ಕೆಳಗಿಟ್ಟು, ಸೆರಗಿನಿಂದ ಬಾಯೊರೆಸಿಕೊಂಡು, ಗೋಡೆಯ ಕಡೆ ಅಲ್ಲ, ಸರಿಯಾಗಿ ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದರು.

“ಮುನೀರಾ, ಇನ್ನಮ್ಯಾಲ ತಿಂಗಳಿಗೊಮ್ಮಿ ಬರತೇನವಾ. ನಾ ಬಂದ ಕೂಡ್ಲೇ ಇವನ ಕೈಯಾಗ ಒಂದು ಎಲಿ ಕೊಟ್ಟು ಓಣಿಗಿ ಕಳಿಸಿಬಿಡು. ನಾವಿಬ್ಬರೂ ಆರಾಮ ಕುಂತು ಚಾ ಕುಡಿಯೂಣು.”